ಬಜಪೆಗೆ ಇನ್ನೊಂದು ಸುತ್ತು

ಅಮ್ಮ ಮಂಗಳೂರು ಮೇಲಿನಲ್ಲಿ ಚೆನ್ನೈಗೆ ಬಂದ ಮೂರನೇ ದಿನದ ರಾತ್ರಿ ನಾನು ಬಜಪೆಯಲ್ಲಿ ವಿಮಾನ ಇಳಿಸುತ್ತಿದ್ದೆ. ಪಲ್ಲಾವರದ ನಮ್ಮ ಮನೆಯ ಮಟ್ಟಿಗೆ ಇದು ಹೊಸದೇನಲ್ಲ. ಹೊರಗೆ ಮೀನಂಬಾಕ್ಕಂಗೆ ಬರುವ ನಿಜವಾದ ವಿಮಾನಗಳು ತಾರಸಿಯ ಮೇಲೆ ಸದ್ದು ಮಾಡುತ್ತ ಹೋಗುತ್ತಿರುತ್ತವೆ, ಒಳಗೆ ಮೇಜಿನ ಮೇಲೆ ಕಂಪ್ಯೂಟರಿನಲ್ಲಿ ನನ್ನದೊಂದು ಹಾರುತ್ತಿರುತ್ತದೆ. ನೀರು ಕುಡಿಯಲು ಎದ್ದ ಅಮ್ಮ ನನ್ನ ಬೆನ್ನ ಹಿಂದೆ ಬಂದು ನಿಂತಳು. ಪರದೆಯಲ್ಲಿ ಕೆಂಪು ಮಣ್ಣಿನ ಗುಡ್ಡ, ಅದರ ನೆತ್ತಿಯನ್ನು ಕತ್ತರಿಸಿ ಮಾಡಿದ ರನ್‌ವೇ, ಆಚೆ ಕಣಿವೆ, ದೂರದಲ್ಲಿ ಸಮುದ್ರ.

“ಇದು ನಮ್ಮ ಗುಡ್ಡೆ ಅಲ್ವಾ ಮಗಾ?” ಎಂದಳು. ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೌದೆಂದೆ. ವಿಮಾನದ ಮೇಲಿನ ಬಣ್ಣ ನೋಡಿದಳು, ಪರದೆಯ ಮೂಲೆಯಲ್ಲಿ ಬೆಳಗಿನ ಆರು ಗಂಟೆ ತೋರಿಸುತ್ತಿದ್ದ ಗಡಿಯಾರ ನೋಡಿದಳು. ಅವಳಿಗೆ ಓದು ಕಡಿಮೆ, ಆದರೆ ಆ ಬೆಳಗು ಗೊತ್ತು. ಮರವೂರು ಸೇತುವೆಯ ಆಚೆಗಿರುವ ನಮ್ಮ ಮನೆಯ ಅಂಗಳದಿಂದ ಅವಳು ಆ ಹೊಗೆಯನ್ನು ಕಂಡವಳು.

“ಇದನ್ನು ಆಟ ಆಡ್ತಾರಾ?” ಎಂದು ಕೇಳಿ ಹೋಗಿ ಮಲಗಿದಳು.

ಈ ಬರಹ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ. ಆದರೆ ಉತ್ತರಕ್ಕೆ ಮೊದಲು, ನಾನು ಆಡುತ್ತಿದ್ದದ್ದು ಏನು ಎಂದು ಹೇಳಬೇಕು.

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸ ಹಳೆಯದು. ಮೈಕ್ರೋಸಾಫ್ಟಿನ ಮೊದಲ ಫ್ಲೈಟ್ ಸಿಮ್ಯುಲೇಟರ್ ಬಂದದ್ದು 1982ರಲ್ಲಿ. ಇಂದಿನ ಸಿಮ್ಯುಲೇಟರುಗಳು ಉಪಗ್ರಹ ಚಿತ್ರಗಳಿಂದ ಇಡೀ ಭೂಮಿಯನ್ನೇ ಕಟ್ಟಿಕೊಡುತ್ತವೆ. ಅದರೊಳಗೆ ಬರುವ ವಿಮಾನಗಳಲ್ಲಿ ತೃಪ್ತಿ ಸಿಗದವರು ಬೇರೆಯವರು ತಯಾರಿಸಿದ ವಿಮಾನಗಳನ್ನು ತಂದು ಸೇರಿಸಿಕೊಳ್ಳುತ್ತಾರೆ. ಇವಕ್ಕೆ ಆಡ್-ಆನ್ ಎನ್ನುತ್ತೇವೆ. ಕೆಲವು ಪುಕ್ಕಟೆ, ಕೆಲವಕ್ಕೆ ಸಾವಿರಾರು ರೂಪಾಯಿ. ಒಳ್ಳೆಯ ಆಡ್-ಆನ್ ವಿಮಾನದಲ್ಲಿ ಕಾಕ್‌ಪಿಟ್ಟಿನ ಬಹುತೇಕ ಎಲ್ಲ ಸ್ವಿಚ್ಚುಗಳೂ ಕೆಲಸ ಮಾಡುತ್ತವೆ. ನನ್ನದು ಬೋಯಿಂಗ್ 737-800. ಅದನ್ನು ಪೂರ್ತಿ ಆರಿದ ಸ್ಥಿತಿಯಿಂದ ಎಬ್ಬಿಸಬೇಕಾದರೆ ಮೊದಲು ಬ್ಯಾಟರಿ, ಆಮೇಲೆ ಬಾಲದಲ್ಲಿರುವ ಸಣ್ಣ ಎಂಜಿನ್, ಆಮೇಲೆ ದಿಕ್ಕು ತಿಳಿಸುವ ಯಂತ್ರಗಳು. ಆ ಯಂತ್ರಗಳಿಗೆ ನೀವು ಈಗ ಎಲ್ಲಿದ್ದೀರಿ ಎಂಬ ಅಕ್ಷಾಂಶ ರೇಖಾಂಶವನ್ನು ಕೊಡಬೇಕು, ಅವು ಅಣಿಯಾಗುವವರೆಗೆ ವಿಮಾನವನ್ನು ಅಲುಗಾಡಿಸದೆ ಕಾಯಬೇಕು. ಎಲ್ಲಿ ನಿಂತಿದ್ದೇನೆಂದು ಸರಿಯಾಗಿ ಹೇಳದಿದ್ದರೆ ಎಲ್ಲಿಗೆ ಹೋಗುತ್ತಿದ್ದೇನೆಂಬ ಲೆಕ್ಕವೂ ತಪ್ಪುತ್ತದೆ.

ಆಡ್-ಆನ್ ಹಾಕಿಕೊಂಡವರಿಗೆ ಹಾರಾಟಕ್ಕಿಂತ ರಿಪೇರಿಯೇ ಹೆಚ್ಚು. ನನ್ನ ಸಿಮ್ಯುಲೇಟರಿನಲ್ಲಿ ‘ಕಮ್ಯುನಿಟಿ’ ಎಂಬ ಫೋಲ್ಡರ್ ಇದೆ. ಹೊರಗಿನಿಂದ ತಂದದ್ದೆಲ್ಲ ಅಲ್ಲಿಗೆ. ಒಂದು ದಿನ ವಿಮಾನದ ಪರದೆಗಳೆಲ್ಲ ಕಪ್ಪಾದವು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟೆ: ಫೋಲ್ಡರನ್ನು ಪೂರ್ತಿ ಖಾಲಿ ಮಾಡುವುದು, ವಿಮಾನವೊಂದನ್ನೇ ಹಾಕಿ ನೋಡುವುದು, ಸರಿಯಿದ್ದರೆ ಉಳಿದವನ್ನು ಒಂದೊಂದಾಗಿ ವಾಪಸು ಸೇರಿಸುತ್ತ ಪ್ರತಿಸಲವೂ ಹಾರಿಸಿ ನೋಡುವುದು. ಒಮ್ಮೆಗೆ ಒಂದೇ ಬದಲಾವಣೆ. ಎರಡು ಗಂಟೆಯ ನಂತರ ಕಾರಣ ಸಿಕ್ಕಿತು. ಹಿಂದೆಂದೋ ನಾನೇ ಹಾಕಿ ಮರೆತಿದ್ದ ಹಳೆಯ ಬಣ್ಣದ ಫೈಲೊಂದು ಹೊಸ ವಿಮಾನದ ಫೈಲಿನ ಜಾಗದಲ್ಲಿ ಕೂತಿತ್ತು. ಕಾರಣ ಸಿಕ್ಕಿದಾಗ ಆಗುವ ಸಂತೋಷ ಬೇರೆಯೇ. ಯಾರ ಮೇಲೂ ಸಿಟ್ಟಿಲ್ಲ, ಯಾರೂ ಸತ್ತಿಲ್ಲ, ಫೈಲು ಅಳಿಸಿದರೆ ಮುಗಿಯಿತು.

ಇದೇ ಅಭ್ಯಾಸವನ್ನು ನಾನು 2010ರ ಮೇ 22ರ ಶನಿವಾರಕ್ಕೂ ತೆಗೆದುಕೊಂಡು ಹೋದೆ.

ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ನನ್ನ ಆಡ್-ಆನ್‌ನಂತೆಯೇ ಒಂದು 737-800. ಒಳಗೆ 166 ಜನ. ಉಳಿದವರು 8, ಸತ್ತವರು 158. ಗಲ್ಫಿನಲ್ಲಿ ದುಡಿಯುವ ದಕ್ಷಿಣ ಕನ್ನಡದವರು, ಕಾಸರಗೋಡಿನವರು, ರಜೆಗೆಂದು ಊರಿಗೆ ಹೊರಟವರು, ಮಕ್ಕಳು. ಗುರುತು ಹತ್ತದ 12 ದೇಹಗಳನ್ನು ಫಲ್ಗುಣಿ ನದಿಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ನಮ್ಮೂರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತನಿಖಾ ನ್ಯಾಯಾಲಯದ ವರದಿಯನ್ನು ನಾನು ಹಲವು ಸಲ ಓದಿದ್ದೇನೆ. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು. 130 ಮೈಲಿ ದೂರದಲ್ಲೇ ಸಹಪೈಲಟ್ ಕೆಳಗಿಳಿಯಲು ಅನುಮತಿ ಕೇಳಿದರೂ ಸಿಗಲಿಲ್ಲ, ಇಳಿಯತೊಡಗಿದ್ದು 77 ಮೈಲಿ ಇರುವಾಗ. ಹಾಗಾಗಿ ವಿಮಾನ ಮೊದಲಿನಿಂದಲೇ ಎತ್ತರದಲ್ಲಿತ್ತು. ಕಾಕ್‌ಪಿಟ್ಟಿನ 2 ಗಂಟೆ 5 ನಿಮಿಷದ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಕಮಾಂಡರ್ ನಿದ್ದೆಯಲ್ಲಿದ್ದರು. ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ 144 ನಾಟ್ ವೇಗದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿಯಲ್ಲಿ 160ಕ್ಕೂ ಹೆಚ್ಚು ವೇಗದಲ್ಲಿ ದಾಟಿತು. 8,000 ಅಡಿ ಚಿಲ್ಲರೆ ಉದ್ದದ ರನ್‌ವೇಯಲ್ಲಿ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಮುಗಿದ ಮೇಲೆ. ಎಂಜಿನ್ನಿನ ಒತ್ತಡವನ್ನು ಹಿಮ್ಮುಖ ಮಾಡಿ ನಿಲ್ಲಿಸಲು ಹೊರಟ ಕಮಾಂಡರ್, ಮನಸ್ಸು ಬದಲಿಸಿ ಮತ್ತೆ ಮೇಲೇರಲು ನೋಡಿದರು. ಒಮ್ಮೆ ಹಿಮ್ಮುಖ ಮಾಡಿದ ಮೇಲೆ ಹಾಗೆ ಮಾಡುವಂತಿಲ್ಲ. ರನ್‌ವೇ ಮುಗಿದ ಮೇಲಿದ್ದ ಆಂಟೆನಾದ ಕಟ್ಟೆಗೆ ಬಲರೆಕ್ಕೆ ಬಡಿದು ವಿಮಾನ ಕೆಂಜಾರಿನ ಕಣಿವೆಗೆ ಬಿತ್ತು. ಇದಕ್ಕೆ ಮೊದಲು ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದಿದ್ದರು. ಅಂದರೆ, ಇಳಿಯುವುದು ಬೇಡ, ಮೇಲೇರಿ ಇನ್ನೊಂದು ಸುತ್ತು ಹಾಕಿ ಬರೋಣ ಎಂದು.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಅಷ್ಟು ಮುಂದೆ ನೆಲ ಮುಟ್ಟಿದ ಮೇಲೂ, ಮತ್ತೆ ಹಾರಲು ನೋಡದೆ ಪೂರ್ತಿ ಬ್ರೇಕ್ ಒತ್ತಿದ್ದರೆ ವಿಮಾನ ನಿಲ್ಲಬಹುದಿತ್ತು. ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಇಲ್ಲಿ. ನಿಲ್ಲಬಹುದಿತ್ತು ಎಂದಾದರೆ ನಾನು ನಿಲ್ಲಿಸಿ ನೋಡುತ್ತೇನೆ. ಬೆಳಗಿನ ಆರು ಗಂಟೆ, ಗಾಳಿಯಿಲ್ಲ, ಅದೇ ಎತ್ತರ, ಅದೇ ವೇಗ, ರನ್‌ವೇಯಿಂದ ಹತ್ತು ಮೈಲಿ ಹಿಂದೆ. ಆ ಸ್ಥಿತಿಯನ್ನು ಫೈಲಾಗಿ ಉಳಿಸಿಕೊಂಡೆ. ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಮತ್ತೆ ಹತ್ತು ಮೈಲಿ ಹಿಂದೆ.

ಬಿದ್ದೆ. ಮತ್ತೆ ಮತ್ತೆ ಬಿದ್ದೆ. ವಿಮಾನ ರನ್‌ವೇಯ ಮೇಲೆ ಇಳಿಯಲೊಲ್ಲದೆ ತೇಲುತ್ತಿತ್ತು. ಇಳಿದರೂ, ರೆಕ್ಕೆಯ ಮೇಲೆ ತಾನಾಗಿ ಏಳಬೇಕಾದ ಹಲಗೆಗಳು ಏಳುತ್ತಿರಲಿಲ್ಲ, ತಾನಾಗಿ ಹಿಡಿಯಬೇಕಾದ ಬ್ರೇಕ್ ಹಿಡಿಯುತ್ತಿರಲಿಲ್ಲ. ಆಡ್-ಆನ್ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ. ಫೋಲ್ಡರ್ ಖಾಲಿ ಮಾಡಿ ಒಂದೊಂದಾಗಿ ಹಾಕಿದೆ. ವಿಮಾನವನ್ನೇ ತೆಗೆದು ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ದೋಷವಿದ್ದದ್ದು ನನ್ನ ಕೈಕೆಳಗೆ. ಥ್ರಾಟಲ್ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದರೂ ಕಂಪ್ಯೂಟರಿಗೆ ಅದು ಸೊನ್ನೆ ಎಂದು ಕಾಣುತ್ತಿರಲಿಲ್ಲ. ನಾಲ್ಕು ವರ್ಷದ ಹಿಡಿ, ಒಳಗೆ ಧೂಳು. ನಾನು ಎಂಜಿನ್ ಪೂರ್ತಿ ಇಳಿಸಿದ್ದೇನೆ ಎಂದುಕೊಂಡಾಗಲೂ ಅದು ಅಷ್ಟಿಷ್ಟು ತಳ್ಳುತ್ತಲೇ ಇತ್ತು. 737ರಲ್ಲಿ ಥ್ರಾಟಲ್ ತಳಕ್ಕೆ ಬಂದಾಗಲೇ ಆ ಹಲಗೆಗಳೂ ಸ್ವಯಂಚಾಲಿತ ಬ್ರೇಕೂ ಕೆಲಸ ಶುರು ಮಾಡುವುದು. ಪೈಲಟ್ ಇನ್ನೂ ಹಾರಲು ನೋಡುತ್ತಿದ್ದಾನೆ ಎಂದು ವಿಮಾನ ತಿಳಿದುಕೊಂಡಿತ್ತು. ಅದರ ಎಣಿಕೆ ಸರಿಯಾಗಿಯೇ ಇತ್ತು.

ಭಾನುವಾರ ರಿಚಿ ಸ್ಟ್ರೀಟಿನಲ್ಲಿ ತೆರೆದಿದ್ದ ಒಂದು ಅಂಗಡಿಗೆ ಹಿಡಿಯನ್ನು ತೆಗೆದುಕೊಂಡು ಹೋದೆ. ಮೌಂಟ್ ರೋಡಿನಿಂದ ಒಳಗೆ ಹೊಕ್ಕರೆ ಸಿಗುವ ಈ ಓಣಿಯಲ್ಲಿ ಎಲೆಕ್ಟ್ರಾನಿಕ್ಸಿನ ಯಾವ ಬಿಡಿಭಾಗ ಕೇಳಿದರೂ ಸಿಗುತ್ತದೆ. ಅಂಗಡಿಯವರು ಹಿಡಿಯನ್ನು ಬಿಚ್ಚಿ, ಡಬ್ಬಿಯಿಂದ ಏನೋ ಸಿಂಪಡಿಸಿ, ನಾಲ್ಕು ಸಲ ಹಿಂದೆ ಮುಂದೆ ಆಡಿಸಿ ಕೊಟ್ಟರು. “ಮೊದಲು ಕೈಯಲ್ಲಿರೋದನ್ನ ನೋಡಬೇಕು ಸಾರ್” ಎಂದು ತಮಿಳಿನಲ್ಲಿ ಹೇಳಿದರು. ಮನೆಗೆ ಬಂದು ಹಿಡಿಯ ಅಳತೆಯನ್ನು ಹೊಸದಾಗಿ ಹೊಂದಿಸಿದೆ. ಆ ರಾತ್ರಿ, ಹದಿನೈದನೇ ಸಲವೋ ಏನೋ, 5,200 ಅಡಿಯ ಆಸುಪಾಸಿನಲ್ಲಿ ನೆಲ ಮುಟ್ಟಿದ ವಿಮಾನ ಗಕ್ಕನೆ ಬ್ರೇಕ್ ಹಿಡಿದು ರನ್‌ವೇಯ ಕೊನೆಗೆ ಮೊದಲೇ ನಿಂತಿತು.

ನನಗೆ ಆದದ್ದು ಹೆಮ್ಮೆ. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಬೆಳಗ್ಗೆ ಅಮ್ಮನಿಗೆ ಹೇಳಿದೆ, ನಿಲ್ಲಿಸಿದೆ ಎಂದು. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ತಲೆಯೆತ್ತದೆ, “ಬೀಳ್ತದೆ ಅಂತ ನಿನಗೆ ಗೊತ್ತಿತ್ತು. ಅವರಿಗೆ ಗೊತ್ತಿತ್ತಾ?” ಎಂದಳು.

ಇದೇ ಪ್ರಶ್ನೆಯನ್ನು ಅಮೆರಿಕದ ತನಿಖೆಯೊಂದೂ ಎದುರಿಸಿತ್ತು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ನುಗಳು ಸೋತ ವಿಮಾನವನ್ನು ಅದರ ಕ್ಯಾಪ್ಟನ್ ಹಡ್ಸನ್ ನದಿಯ ಮೇಲೆ ಇಳಿಸಿದ್ದರು. ಒಳಗಿದ್ದ 155 ಜನರೂ ಬದುಕಿದರು. ಹಿಂದಿರುಗಿ ವಿಮಾನ ನಿಲ್ದಾಣಕ್ಕೇ ಬರಬಹುದಿತ್ತೇ ಎಂದು ಆಮೇಲೆ ಪೈಲಟ್‌ಗಳನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಿದರು. ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿಸಿದವರಲ್ಲಿ ಕೆಲವರು ನಿಲ್ದಾಣ ಮುಟ್ಟಿದರು. ಆದರೆ ಏನಾಯಿತೆಂದು ತಿಳಿಯಲು, ಯೋಚಿಸಲು ನಿಜವಾದ ಮನುಷ್ಯನಿಗೆ ಬೇಕಾಗುವ 35 ಸೆಕೆಂಡ್ ತಡಮಾಡಿ ತಿರುಗಿಸಿದಾಗ ಆಗಲಿಲ್ಲ. ಆ 35 ಸೆಕೆಂಡುಗಳೇ ಅಮ್ಮ ಕೇಳಿದ ಪ್ರಶ್ನೆ. ಮುಂದೇನಾಗುತ್ತದೆಂದು ತಿಳಿಯದೆ ಇರುವ ಹೊತ್ತು ಅದು. ನನ್ನ ಬಜಪೆಯಲ್ಲಿ ಆ ಹೊತ್ತೇ ಇರಲಿಲ್ಲ. ನಾನು ಆ ವಿಮಾನಕ್ಕೆ ಸೇರಿಸಿಕೊಂಡ ಅತಿ ದೊಡ್ಡ ಆಡ್-ಆನ್ ಎಂದರೆ ಕೊನೆ ಏನೆಂಬ ತಿಳಿವಳಿಕೆ. ಅದನ್ನು ಫೋಲ್ಡರಿನಿಂದ ತೆಗೆದು ಹಾರಿಸಿ ನೋಡಲು ಬರುವುದಿಲ್ಲ.

ಇಲ್ಲಿಗೇ ಮುಗಿಸಿದ್ದರೆ ಇದು ಎಲ್ಲರೂ ಹೇಳುವ ಮಾತಾಗುತ್ತಿತ್ತು: ಆದದ್ದನ್ನು ಆದಮೇಲೆ ಅಳೆಯುವುದು ಸುಲಭ, ಸತ್ತವರನ್ನು ದೂರಬೇಡಿ. ಅದು ಅರ್ಧ ಮಾತು. ಉಳಿದರ್ಧ ನನಗೆ ಹೊಳೆದದ್ದು ಆ ಹದಿನೈದು ಹಾರಾಟಗಳನ್ನು ಮತ್ತೆ ನೆನೆಸಿಕೊಂಡಾಗ.

ಎತ್ತರ ಹೆಚ್ಚು, ವೇಗ ಹೆಚ್ಚು ಎಂದು ಹತ್ತು ಮೈಲಿ ಹಿಂದಿನಿಂದಲೇ ನನಗೆ ಗೊತ್ತಿತ್ತು. ಮುಂದೆ ಕಣಿವೆಯಿದೆ ಎಂದು ಗೊತ್ತಿತ್ತು. ಇಳಿದರೆ 158 ಜನ ಸಾಯುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ಹದಿನೈದು ಸಲದಲ್ಲಿ ಒಂದು ಸಲವೂ ನಾನು ಮೇಲೇರಿ ಇನ್ನೊಂದು ಸುತ್ತು ಹಾಕಲಿಲ್ಲ. ವರದಿ ಸಾರಿ ಸಾರಿ ಹೇಳುವುದು ಅದನ್ನೇ: ಆ ಬೆಳಗ್ಗೆ ಬೇಕಾಗಿದ್ದದ್ದು ಇಳಿಯುವ ಜಾಣ್ಮೆಯಲ್ಲ, ಇಳಿಯುವುದನ್ನು ಬಿಡುವ ನಿರ್ಧಾರ. ನಾನೋ ಇಳಿಯಲೇಬೇಕೆಂದು ಕೂತಿದ್ದೆ. ಇಳಿದು ತೋರಿಸುವುದೇ ನನ್ನ ಆಟವಾಗಿತ್ತು.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ನೆಲ ತುಂಬ ವೇಗದಲ್ಲಿ ಹತ್ತಿರ ಬರುತ್ತಿದ್ದರೆ ವಿಮಾನವೇ ಕೂಗಿ ಎಚ್ಚರಿಸುತ್ತದೆ. ಮೊದಲು ಇಳಿಯುವ ವೇಗ ಹೆಚ್ಚು ಎನ್ನುತ್ತದೆ, ಆಮೇಲೆ ಮೇಲೆತ್ತು, ಮೇಲೆತ್ತು ಎಂದು ಬಡಿದುಕೊಳ್ಳುತ್ತದೆ. 812ರ ಕಾಕ್‌ಪಿಟ್ಟಿನಲ್ಲಿಯೂ ಅದು ಕೂಗಿತ್ತು. ನಾಲ್ಕನೇ ಸಲವೋ ಐದನೇ ಸಲವೋ ಇಳಿಸುವಾಗ ಆ ಕೂಗು ಕಿರಿಕಿರಿಯೆನಿಸಿ, ಆಡ್-ಆನ್‌ನ ಸೆಟ್ಟಿಂಗಿಗೆ ಹೋಗಿ ಅದರ ದನಿಯನ್ನು ಇಳಿಸಿದ್ದೆ. ಅಮ್ಮ ಮಲಗಿದ್ದಾಳೆ, ಎಚ್ಚರವಾದೀತು ಎಂದು ನನಗೇ ಒಂದು ಕಾರಣ ಹೇಳಿಕೊಂಡಿದ್ದೆ. ಎಂಜಿನ್ನಿನ ಸದ್ದನ್ನು ಇಳಿಸಿರಲಿಲ್ಲ.

ನಿದ್ದೆಗೆಟ್ಟ ಕಮಾಂಡರ್‌ಗೂ ನನಗೂ ಹೋಲಿಕೆ ಮಾಡುತ್ತಿಲ್ಲ. ಅವರು 10,000 ಗಂಟೆಗೂ ಹೆಚ್ಚು ಹಾರಿದವರು, ಅದೇ ಬಜಪೆಯಲ್ಲಿ ಹಿಂದೆ 16 ಸಲ ಇಳಿಸಿದವರು. ಜೊತೆಗಿದ್ದ ಸಹಪೈಲಟ್‌ಗೆ ಆ ರನ್‌ವೇ ಇನ್ನೂ ಹೆಚ್ಚು ಪರಿಚಿತ, 66 ಸಲ ಬಂದುಹೋದವರು. ಮೂರು ಸಲ ಹೇಳಿದರು, ಆದರೆ ಹಿಡಿಯನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಎಡಗಡೆ ಕೂತವರು ದೊಡ್ಡವರು ಎಂಬುದು ನಮ್ಮ ದೇಶದಲ್ಲಿ, ಎಲ್ಲ ದೇಶದಲ್ಲೂ, ಕೈಯನ್ನು ಕಟ್ಟಿಹಾಕುತ್ತದೆ.

ಇದು ಕಾಕ್‌ಪಿಟ್ಟಿನ ಕಥೆ ಮಾತ್ರವಲ್ಲ. ಎರಡು ವರ್ಷದ ಹಿಂದೆ ನಮ್ಮ ಕಚೇರಿಯಲ್ಲಿ ಒಂದು ಶನಿವಾರ ರಾತ್ರಿ ಹೊಸ ಸಾಫ್ಟ್‌ವೇರನ್ನು ಗ್ರಾಹಕರ ವ್ಯವಸ್ಥೆಗೆ ಏರಿಸುತ್ತಿದ್ದೆವು. ತಂಡದ ಮುಖ್ಯಸ್ಥ ನಾನು. ನಡುರಾತ್ರಿಗೆ ತೊಡಕು ಕಂಡಿತು. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿಯೊಬ್ಬಳು ಚಾಟಿನಲ್ಲಿ “ಸಾರ್, ಹಿಂದಕ್ಕೆ ತೆಗೆದುಬಿಡೋಣವಾ?” ಎಂದು ಬರೆದಳು. ನಾಲ್ಕು ಗಂಟೆ ಕೂತು ಇಷ್ಟು ದೂರ ಬಂದಿದ್ದೇವೆ, ಇನ್ನೇನು ಮುಗಿಯಿತು ಎಂದೆ. ಇನ್ನೊಮ್ಮೆ ಬರೆದಳು. ಆಮೇಲೆ ಬರೆಯಲಿಲ್ಲ. ಸೋಮವಾರ ಬೆಳಗ್ಗೆ ಗ್ರಾಹಕರ ಕೆಲಸ ನಿಂತಿತು. ಆಮೇಲೆ ಬರೆದ ವರದಿಯಲ್ಲಿ ಕಾರಣ ಎಂಬ ಕಾಲಮ್ಮಿನಲ್ಲಿ ಅವಳು ಬರೆದಿದ್ದ ನಾಲ್ಕು ಸಾಲಿನ ಕೋಡನ್ನು ತೋರಿಸಿದೆ. ಅದು ಸುಳ್ಳಾಗಿರಲಿಲ್ಲ, ತಪ್ಪು ಆ ಸಾಲುಗಳಲ್ಲೇ ಇತ್ತು. ಅವಳ ಎರಡು ಸಂದೇಶಗಳನ್ನು ಮಾತ್ರ ನಾನು ವರದಿಗೆ ಸೇರಿಸಲಿಲ್ಲ. ಯಾರೂ ಸಾಯಲಿಲ್ಲ, ನಿಜ. ಆದರೆ ಅವಳು ಆ ತಂಡ ಬಿಟ್ಟು ಹೋದಳು.

ಕಾರಣ ಹುಡುಕುವುದೂ ತಪ್ಪಿತಸ್ಥರನ್ನು ಹುಡುಕುವುದೂ ಒಂದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಫೋಲ್ಡರಿನಲ್ಲಿ ಎರಡೂ ಒಂದೇ: ಕೆಟ್ಟ ಫೈಲೇ ಕಾರಣ, ಅದನ್ನು ತೆಗೆದರೆ ಮುಗಿಯಿತು. ಮನುಷ್ಯರಲ್ಲಿ ಹಾಗಲ್ಲ. ಕೆಟ್ಟ ರೇಡಾರ್, ತಡವಾದ ಇಳಿತ, ಬೆಳಗಿನ ಜಾವದ ನಿದ್ದೆ, ಬಾಯಿ ಹೇಳಿದರೂ ಕೈ ಮುಂದೆ ಬಾರದ ಸಹಪೈಲಟ್, ರನ್‌ವೇಯಾಚೆಯ ಕಾಂಕ್ರೀಟ್ ಕಟ್ಟೆ, ಕಣಿವೆ. ಇವುಗಳಲ್ಲಿ ಯಾವುದೊಂದನ್ನು ತೆಗೆದು ನೋಡಿದರೂ ಕಥೆ ಬೇರೆಯಾಗುತ್ತಿತ್ತೇನೋ. ಹಾಗೆಂದು ಹೊಣೆ ಎಲ್ಲರಿಗೂ ಹಂಚಿಹೋಗಿ ಯಾರದೂ ಅಲ್ಲದಂತಾಗಬಾರದು. ಅಸ್ಥಿರವಾಗಿದ್ದ ಇಳಿತವನ್ನು ಕಮಾಂಡರ್ ಕೈಬಿಡದೇ ಇದ್ದದ್ದೇ ನೇರ ಕಾರಣ ಎಂದು ವರದಿ ನೇರವಾಗಿಯೇ ಹೇಳುತ್ತದೆ, ಹೇಳಬೇಕಾದ್ದೂ ಅದನ್ನೇ. ಮಕ್ಕಳನ್ನು ಕಳೆದುಕೊಂಡ ಮನೆಯವರ ಮುಂದೆ “ಎಲ್ಲರೂ ಮನುಷ್ಯರೇ” ಎಂದು ಹೇಳುವ ಹಕ್ಕು ಪಲ್ಲಾವರದಲ್ಲಿ ಕೂತು ಹಿಡಿ ಆಡಿಸುವ ನನಗಿಲ್ಲ. ತಪ್ಪನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಕ್ಷಮಿಸುವುದು ಬೇರೆ. ಎರಡನೆಯದು ಕಳೆದುಕೊಂಡವರ ಕೈಯಲ್ಲಿದೆ.

ಹಾಗಾದರೆ ಅಮ್ಮನ ಪ್ರಶ್ನೆಗೆ ಉತ್ತರವೇನು? ಬೇರೆಯವರ ಸಾವನ್ನು ಆಡಿ ನೋಡಬಹುದೇ?

ನಾನಾಗಿದ್ದರೆ ಇಳಿಸುತ್ತಿದ್ದೆ ಎಂದು ತೋರಿಸಲು ಆಡಬಾರದು. ಅದರಿಂದ ಸತ್ತವರಿಗೆ ಅವಮಾನ, ಅದಕ್ಕಿಂತ ಹೆಚ್ಚಾಗಿ ಅದು ಸುಳ್ಳು. ಹದಿನೈದನೇ ಸಲ ಗೆದ್ದವನು ಮೊದಲನೇ ಸಲಕ್ಕೆ ಸೋತವರಿಗಿಂತ ಜಾಣನಲ್ಲ. ಆದರೆ ನಾನೂ ಇಳಿಸಲೆಂದೇ ಹಠ ಹಿಡಿಯುತ್ತೇನೆ, ನಾನೂ ಎಚ್ಚರಿಕೆಯ ದನಿಯನ್ನು ಇಳಿಸುತ್ತೇನೆ ಎಂದು ಕಂಡುಕೊಳ್ಳುವುದಕ್ಕೆ ಆ ಕುರ್ಚಿಯಲ್ಲಿ ಕೂರುವುದಾದರೆ, ಕೂರಬಹುದು. ರಿಚಿ ಸ್ಟ್ರೀಟಿನವರು ಹೇಳಿದ ಹಾಗೆ, ಮೊದಲು ನೋಡಬೇಕಾದ್ದು ಕೈಯಲ್ಲಿರುವುದನ್ನು. ವರದಿಯನ್ನು ಓದಿದಾಗ ನಾನು ಪರೀಕ್ಷಿಸುತ್ತಿದ್ದದ್ದು ಕಮಾಂಡರನ್ನು. ಪರೀಕ್ಷೆಗೆ ಒಳಗಾದವನು ನಾನು.

ಉಳಿಸಿಟ್ಟಿದ್ದ ಆ ಬೆಳಗಿನ ಫೈಲನ್ನು ಅಳಿಸಿದೆ. ಎಚ್ಚರಿಕೆಯ ದನಿಯನ್ನು ಮೊದಲಿದ್ದ ಮಟ್ಟಕ್ಕೆ ತಂದೆ. ಆ ಹುಡುಗಿ ಈಗ ಬೇರೆ ಕಂಪನಿಯಲ್ಲಿದ್ದಾಳೆ. ಅವಳಿಗೊಂದು ಪತ್ರ ಬರೆದೆ, ವರದಿಯಲ್ಲಿ ನಾನು ಬಿಟ್ಟಿದ್ದೇನೆಂದು ಒಪ್ಪಿಕೊಂಡು. ಅಂದಿನ ಮೇಲಧಿಕಾರಿಗೂ ಅದರ ಪ್ರತಿ ಕಳಿಸಿದೆ. ಅವಳಿಂದ ಉತ್ತರ ಬಂದಿಲ್ಲ. ಬರಲೇಬೇಕೆಂದೇನೂ ಇಲ್ಲ.

ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೆ ಬಜಪೆಗೆ ಹೋಗಿದ್ದೆ. ಈ ಸಲ ಆ ಬೆಳಗಿಗಲ್ಲ, ಸುಮ್ಮನೆ ಒಂದು ಸಂಜೆಗೆ. ಬೇಕೆಂದೇ ಎತ್ತರ ಇಟ್ಟುಕೊಂಡು ಬಂದೆ. ಸಾವಿರ ಅಡಿಯಲ್ಲಿ ಲೆಕ್ಕ ನೋಡಿದೆ, ಹೊಂದಲಿಲ್ಲ. ಥ್ರಾಟಲ್ ಮುಂದಕ್ಕೆ ತಳ್ಳಿ, ಮೂತಿ ಎತ್ತಿ, ಚಕ್ರಗಳನ್ನು ಒಳಗೆಳೆದೆ. ಗುಡ್ಡ, ರನ್‌ವೇ, ಕೆಂಜಾರಿನ ಕಣಿವೆ ಎಲ್ಲ ಕೆಳಗೆ ಹಿಂದಕ್ಕೆ ಸರಿದು, ಎದುರಿಗೆ ಬರೀ ಸಮುದ್ರ.

ಅಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಿದ್ದವಳು ಬಂದು ನೋಡಿದಳು.

“ಇಳೀಲಿಲ್ವಾ?”

“ಇಲ್ಲಮ್ಮ. ಸರಿಯಾಗ್ಲಿಲ್ಲ. ಇನ್ನೊಂದು ಸುತ್ತು ಹಾಕಿ ಬರ್ತೇನೆ.”

“ಹಾಗೇ ಬರ್ಲಿ,” ಎಂದಳು. “ಅವಸರ ಎಂತ? ಮನೆಯಲ್ಲಿ ಕಾಯ್ತಾರೆ.”